ಏಣಿ ಹಿಡಿದವನು ಹೇಳಿದ್ದು

ನಾಜಿಬ್ರೋಲಾ ಏಣಿ ಹತ್ತುವಾಗ
ಕೆಳಗೆ ಹಿಡಿದುಕೊಳ್ಳುವವನು ನಾನು.
ಎಪ್ಪತ್ತೊಂದು ಅವಳಿಗೆ, ಮಂಡಿನೋವು,
ಬಾಯಲ್ಲಿ ಪೆನ್ಸಿಲು, ಏಪ್ರನ್ನಿನ ಜೇಬಲ್ಲಿ
ಹಳೇ ಕಿಟಕಿ ಕೊಯ್ದು ಮಾಡಿದ ಗಾಜಿನ ಪಟ್ಟಿಗಳು,
ಬೆರಳಗಲ, ಗೇಣುದ್ದ.

ಬಿರುಕಿನ ಈ ದಡಕ್ಕೊಂದು ಮುದ್ದೆ ಜಿಪ್ಸಮ್,
ಆ ದಡಕ್ಕೊಂದು,
ನಡುವೆ ಸಂಕದ ಹಾಗೆ ಗಾಜು.
ಪಕ್ಕದಲ್ಲಿ ತಾರೀಖು.
"ಗೋಡೆ ಕದಲಿದರೆ ಮೊದಲು ಒಡೆಯೋದು ಇದು.
ಕಿವಿ ಇದೆಯಂತಲ್ಲ ಗೋಡೆಗೆ,
ನಾನೊಂದು ನಾಲಿಗೆ ಅಂಟಿಸಿದ್ದೇನೆ, ಅಷ್ಟೆ."

ತ್ಬಿಲಿಸಿಯ ಹಳೇ ಕೇರಿ, ಸೊಲೊಲಾಕಿಯ ಇಳಿಜಾರು.
ಒಂದೇ ಅಂಗಳಕ್ಕೆ ಹನ್ನೊಂದು ಮನೆ,
ಒಂದು ನಲ್ಲಿ, ಒಂದು ಹಿಪ್ಪುನೇರಳೆ ಮರ.
ಬಾಲ್ಕನಿಗಳು ಒಂದರ ಹೆಗಲಿಗೊಂದು ಒರಗಿ
ಮದುವೆ ಮುಗಿಸಿ ಕುಡಿದು ಬಂದ ಮಾವಂದಿರ ಹಾಗೆ,
ಯಾರು ಯಾರನ್ನು ಹಿಡಿದು ನಿಲ್ಲಿಸಿದ್ದಾರೋ ತಿಳಿಯದು.
ಕರೆಂಟಿಲ್ಲದ ಆ ವರ್ಷಗಳಲ್ಲಿ
ಎಲ್ಲರೂ ಚೂರು ಚೂರು ಸೇರಿಸಿಕೊಂಡೆವು:
ಒಬ್ಬರು ಅಡುಗೆಮನೆ, ಒಬ್ಬರು ಬಚ್ಚಲು,
ನನ್ನಪ್ಪ ರೈಲುಕಂಬಿಯ ಮೇಲೆ, ಗಾಳಿಯಲ್ಲಿ, ಒಂದು ಕೋಣೆ.
ಲೆಕ್ಕ ಯಾರೂ ಹಾಕಲಿಲ್ಲ.
ಇಟ್ಟಿಗೆ ಹಾಕುತ್ತ ಬಂತು.

ಮೊದಮೊದಲು ನಕ್ಕರು.
ತ್ಸಿಯಾಲಾ ಬೇಡವೆಂದಳು, ವಾಲ್‌ಪೇಪರು ಹೊಸದು.
ಮೇಲಿನ ಮನೆಯ ಹುಡುಗರು ಗಾಜಿಗೆ ಮೀಸೆ ಬರೆದರು.
ಓತಿಯಾ ಬಾಗಿಲೇ ತೆರೆಯಲಿಲ್ಲ.
ನೆಲಮಟ್ಟದ ಮನೆ ಅವನದು;
ರೊಟ್ಟಿಯ ಬಾವಿ-ಒಲೆಗೆ ಜಾಗ ಬೇಕೆಂದು
ನಡುಗೋಡೆ ಕೆಡವಿದವನು,
ಒಂದು ಭಾನುವಾರ, ರೇಡಿಯೊ ಜೋರಾಗಿ ಹಾಕಿಕೊಂಡು.

ಏಳು ತಿಂಗಳು ಗಾಜು ಸುಮ್ಮನಿತ್ತು.
ಪ್ರತಿ ಸೋಮವಾರ ಟಾರ್ಚು ಹಿಡಿದು ಬಂದು
ಮಗುವಿನ ಜ್ವರ ನೋಡುವ ಹಾಗೆ ನೋಡಿ ಹೋಗುವಳು.
ಹೋಗುವಾಗ ಬಚ್ಚಲ ಗ್ಯಾಸ್ ಹೀಟರಿನ ಹೊಗೆಕೊಳವೆಗೆ
ಒಂದು ಕಡ್ಡಿ ಗೀರಿ ಹಿಡಿದು,
ಜ್ವಾಲೆ ಒಳಕ್ಕೆ ಬಾಗಿತೋ, ಈಚೆಗೋ?
ಈಚೆಗೆ ಬಾಗಿದ ಮನೆಯಲ್ಲಿ ಆ ರಾತ್ರಿ
ಯಾರನ್ನೂ ಸ್ನಾನಕ್ಕೆ ಬಿಡಲಿಲ್ಲ.
ಬೈಸಿಕೊಂಡಳು.

ಎಂಟನೆಯ ತಿಂಗಳು, ಮೆಟ್ಟಿಲ ತಿರುವಿನ ಪಟ್ಟಿ
ಎರಡಾಗಿತ್ತು.
ಮಕ್ಕಳ ಚೆಂಡು ಅಂದರು. ಬೆಕ್ಕು ಅಂದರು.
ಅವಳು ವಾದಿಸಲಿಲ್ಲ, ಇನ್ನೊಂದು ಅಂಟಿಸಿದಳು.
ಅದು ನಾಲ್ಕು ದಿನ ಬಾಳಿತು.
ಮೂರನೆಯದು ನಡುರಾತ್ರಿ ಹೋಯಿತು.
ಆ ಸದ್ದು ನಾನು ಕೇಳಿದ್ದೇನೆ:
ಚಹಾದ ಜೊತೆ ಸಕ್ಕರೆ ಹರಳು ಕಡಿದಷ್ಟೇ.

ಬೆಳಕು ಹರಿಯುವ ಮೊದಲು
ಹನ್ನೊಂದು ಮನೆಯೂ ಅಂಗಳದಲ್ಲಿ, ಕಂಬಳಿ ಹೊದ್ದು.
ಓತಿಯಾನ ಬಾಗಿಲ ಕಡೆ ಯಾರೂ ನೋಡಲಿಲ್ಲ.
ನೋಡದೇ ಇದ್ದದ್ದೇ ಸಾಕಾಯಿತು.
ಅವನೇ ಹೊರಬಂದ, ಮೊಣಕೈವರೆಗೆ ಹಿಟ್ಟು.
"ಎಷ್ಟು ಕಂಬ ಬೇಕು?"
"ಆರು. ಇವತ್ತೇ," ಎಂದಳು ನಾಜಿಬ್ರೋಲಾ.
ಆಮೇಲೆ, ಸ್ವಲ್ಪ ತಡೆದು,
"ರೊಟ್ಟಿ ಆಗಿದೆಯಾ?"

ಆರು ಉಕ್ಕಿನ ಕಂಬ, ಮೇಲೊಂದು ತೊಲೆ.
ಪಾಲಿಕೆಯ ಇಂಜಿನಿಯರು ಬರುವಾಗ ಸೆಪ್ಟೆಂಬರು.
ಮೇಲೆ ಕೆಳಗೆ ನೋಡಿ,
ಸರಿಯಾಗೇ ಇದೆಯಲ್ಲ, ಯಾಕೆ ಕರೆಸಿದಿರಿ ಅಂದ.

ಮನೆ ಬೀಳಲಿಲ್ಲ.
ಬೀಳದ ಮನೆ ಯಾವ ಪೇಪರಿನಲ್ಲೂ ಬರುವುದಿಲ್ಲ.
ತ್ಸಿಯಾಲಾ ಮಾತ್ರ ಒಂದು ಸಂಜೆ
ಹೊಸ ವಾಲ್‌ಪೇಪರನ್ನು ಅಂಗೈಯಗಲ ಚಾಕುವಿನಿಂದ ಕೊಯ್ದು
"ಇಲ್ಲಿ ಅಂಟಿಸು" ಎಂದಳು, ಎತ್ತಲೋ ನೋಡುತ್ತ.

ಹೋದ ವಾರ ನಾನೂ ಕರೆದೆ,
ಅಪ್ಪನ ಕೋಣೆಗೆ.
ಹೊಸ್ತಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ.
ಕಂಬಿ ಗೋಡೆಗೆ ಸೇರುವಲ್ಲಿ ಟಾರ್ಚು ಬಿಟ್ಟಳು,
ತುಕ್ಕು ಪದರ ಪದರವಾಗಿ ಉದುರಿತು.
ಪೆನ್ಸಿಲು ಬಾಯಿಂದ ತೆಗೆದಳು.
"ಇದಕ್ಕೆ ಗಾಜು ಬೇಡ," ಎಂದಳು,
"ಮಂಚ ಒಳಗೆ ಹಾಕಿಕೋ."

ಈಗ ಅಡುಗೆಮನೆಯಲ್ಲಿ ಮಲಗುತ್ತೇನೆ.
ಅಪ್ಪನ ಕೋಣೆಯಿಂದ ಪುಸ್ತಕ, ಕಬ್ಬಿಣದ ಪೆಟ್ಟಿಗೆ,
ಟೊಮೇಟೊ ಕುಂಡ, ಎಲ್ಲ ಹೊತ್ತು ತಂದಾಯಿತು.
ಬಾಗಿಲಿಗೆ ಅಡ್ಡ ಎರಡು ಹಲಗೆ.
ರಾತ್ರಿ ಅಲ್ಲಿ ಗಾಳಿ ಓಡಾಡುತ್ತದೆ,
ಅಷ್ಟು ಭಾರ ತಾಳುತ್ತದೆ, ಸದ್ಯಕ್ಕೆ.