ಮೂರು ಬೆರಳು ಆಳ

ಗೌಸ್ ಪಾಷ ದಿಮ್ಮಿ ತಂದದ್ದು ತಳ್ಳುಗಾಡಿಯಲ್ಲಿ,
ಮೇಲೊಂದು ಗೋಣಿ ಹೊದಿಸಿ
ಯಾರೋ ಹುಷಾರಿಲ್ಲದವರನ್ನು ಕರೆತಂದ ಹಾಗೆ.
ಶ್ರೀನಿವಾಸಪುರದಲ್ಲಿ ಮಾವಿನ ಸೀಸನ್ ಮುಗಿದಿತ್ತು.
ಮಂಡಿಗಳ ಮುಂದೆ ಒಡೆದ ಪೆಟ್ಟಿಗೆ, ಒಣಹುಲ್ಲು, ಎರಡು ದನ.
ಪೆಟ್ಟಿಗೆಗೆ ಮೊಳೆ ಹೊಡೆಯುವ ನನ್ನ ಕೈ ಖಾಲಿ.

"ಆಚಾರಿ, ಇಪ್ಪತ್ತೆರಡು ವರ್ಷ ಏಟು ತಿಂದಿದೆ ಇದು.
ಪುರಸಭೆಯವರು ಬಿಳಿ ಪ್ಲಾಸ್ಟಿಕ್ ಹಲಗೆ ಇಡು ಅಂದ್ರು, ಇಟ್ಟೆ.
ಇದನ್ನ ಒಲೆಗೆ ಹಾಕೋಕೆ ಮನಸ್ಸು ಬರ್ಲಿಲ್ಲ.
ಏನಾದ್ರೂ ಮಾಡ್ಕೋ."

ರಾಯಲ್ಪಾಡಿನ ಕಡೆಯ ಹುಣಸೆ.
ನಡುವೆ ತಗ್ಗು, ಎಳೆಮಗು ಮಲಗಿ ಎದ್ದ ಹಾಸಿಗೆಯಷ್ಟು.
ಅಂಚಿನ ತುಂಬ ಕತ್ತಿಯ ಗೆರೆ;
ತಗ್ಗಿನೊಳಗೆ ಗೆರೆಯೂ ನಿಲ್ಲದೆ ಬರೀ ನುಣುಪು,
ಉಪ್ಪು, ಕೊಬ್ಬು, ಭಾನುವಾರಗಳು.

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವುದಿಲ್ಲ.
ಹಿತ್ತಲ ಕಡೆಯಿಂದ ಉರುಳಿಸಿಕೊಂಡು ಬಂದೆ.
ಅಮ್ಮ ನಲ್ಲಿಯ ಹತ್ತಿರ ಕೊಡ ತಿಕ್ಕುತ್ತಿದ್ದಳು,
ತಲೆ ಎತ್ತಲಿಲ್ಲ.

ಅಡ್ಡ ಕೊಯ್ದ ಮರಕ್ಕೆ ತೋಪಡ ಓಡದು.
ಬಾಚಿ, ಆಮೇಲೆ ಉಳಿ, ಚೂರು ಚೂರೇ.
ಮೊದಲ ಸಿಪ್ಪೆ ಕಪ್ಪು, ಅಂಟು,
ಬೆರಳಿಗೆ ಮೆತ್ತಿದರೆ ಬಿಡಲೊಲ್ಲದು.
ಒಂದು ಬೆರಳು ಇಳಿದೆ. ಇನ್ನೂ ವಾಸನೆ.
ಎರಡು ಬೆರಳು. ವಾಸನೆ ಮರದಲ್ಲಿತ್ತೋ
ನನ್ನ ಮೂಗಿನಲ್ಲೇ ಉಳಿದಿತ್ತೋ, ಹೇಳಲಾರೆ.
ಅಲ್ಲೊಂದು ಬಿಳಿ ಚೂರು, ಅಕ್ಕಿಕಾಳಿನಷ್ಟು:
ಮೂಳೆ.
ಉಳಿಯ ಮೂಲೆಯಿಂದ ಎಬ್ಬಿಸಿ ಕಿಟಕಿಯಲ್ಲಿಟ್ಟೆ.
ಎಸೆಯಬಹುದಿತ್ತು.
ಮೂರನೆಯ ಬೆರಳಿಗೆ ಚೇಗು ಸಿಕ್ಕಿತು,
ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ.
ಇಲ್ಲಿಂದ ಶುರು ಮರ, ಅಂದುಕೊಂಡೆ.
ರಾತ್ರಿ ಮಲಗಿದಾಗ ಹೊಳೆಯಿತು:
ಈ ಗಡಿ ಎಳೆದವನು ನಾನೇ ತಾನೆ,
ನನ್ನದೇ ಮೂರು ಬೆರಳಿನಲ್ಲಿ ಅಳೆದು.

ಸಾಮಿಲ್ಲಿನವನು ಐದು ಸೀಳು ಮಾಡಿಕೊಟ್ಟ.
ಅಂಚಿಗೆ ಮೇಣ ಬಳಿದು, ಮೇಲೆ ಕಲ್ಲು ಹೇರಿ
ನೆರಳಿನಲ್ಲಿ ಇಟ್ಟೆ ತಿಂಗಳೊಪ್ಪತ್ತು.
ಒಂದು ಬಿರಿಯಿತು, ಉಳಿದದ್ದು ನಾಲ್ಕು.
ಉಪ್ಪುಕಾಗದದಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ,
ಎದ್ದ ನವಿರನ್ನು ಮತ್ತೆ ಉಜ್ಜಿ.
ಹೊಂಗೆ ಎಣ್ಣೆ ಕಹಿ. ಕಡಲೆಕಾಯಿ ಎಣ್ಣೆ ಬೇಗ ಕಮಟು.
ಹರಳೆಣ್ಣೆಗೆ ಜೇನುಮೇಣ ಕರಗಿಸಿ
ಅಂಗೈ ಬಿಸಿಯಾಗುವವರೆಗೆ ತೀಡಿದೆ.
ಉಂಗುರಗಳು ಒಂದೊಂದೇ ಎದ್ದು ಬಂದವು,
ಯಾರದೋ ಹೆಬ್ಬೆರಳಿನ ಗುರುತಿನ ಹಾಗೆ.

ಮೊದಲನೆಯದನ್ನು ಕೊಂಡವಳು ಹೈಸ್ಕೂಲಿನ ಟೀಚರಮ್ಮ.
"ಯಾವ ಮರ?"
ಹುಣಸೆ.
"ಎಲ್ಲಿಯದು?"
ರಾಯಲ್ಪಾಡಿನ ಕಡೆಯದು.
ಎರಡೂ ನಿಜ. ಚಿಲ್ಲರೆ ಎಣಿಸುವಾಗ ಬಾಯಿ ಒಣಗಿತು.
ಎರಡನೆಯದು ಬಸ್ ಸ್ಟ್ಯಾಂಡಿನ ಬೇಕರಿಗೆ, ಬನ್ನು ಜೋಡಿಸಲು.
ಅವನು ಏನೂ ಕೇಳಲಿಲ್ಲ.

ಮೂರನೆಯದನ್ನು ಗೌಸ್ ಪಾಷನಿಗೇ ಕೊಟ್ಟೆ.
ತಿರುಗಿಸಿ ನೋಡಿದ, ಮೂಸಿದ,
ನಡುವೆ ಅಂಗೈಯಿಟ್ಟು ಸುಮ್ಮನೆ ನಿಂತ.
ತಗ್ಗು ಹುಡುಕುತ್ತಿದ್ದ.
"ಚೆನ್ನಾಗಿದೆ," ಅಂದ. "ಇದ್ರ ಮೇಲೆ ಖರ್ಜೂರ ಇಡ್ತೀವಿ."

ನಾಲ್ಕನೆಯದು ಕಾಣಲಿಲ್ಲ.
ಶೆಡ್ಡಿನಲ್ಲಿ ಹುಡುಕಿ ಒಳಗೆ ಬಂದರೆ
ಅಡುಗೆಮನೆಯಲ್ಲಿ ಅಮ್ಮ,
ಮಣೆಯ ಮೇಲೆ ಸೋರೆಕಾಯಿ,
ತೆಳ್ಳಗೆ, ಒಂದೇ ಅಳತೆಗೆ.
ಕಿಟಕಿ ನೆನಪಾಗಿ ಓಡಿದೆ. ಬಿಳಿ ಚೂರು ಅಲ್ಲಿರಲಿಲ್ಲ.
ಹಿತ್ತಲಲ್ಲಿ ಕರಿಬೇವಿನ ಬುಡ
ಹೊಸದಾಗಿ ಕೆದಕಿದಂತಿತ್ತು, ಮೇಲೆ ನೀರು ಚಿಮುಕಿಸಿ.

"ಅಮ್ಮಾ, ಆ ಮಣೆ..."
"ತೊಳೆದ ಮೇಲೆ ನಿಲ್ಲಿಸಬೇಕು, ಮಲಗಿಸಬಾರದು.
ನಿನ್ನ ಹೆಂಡತಿಗೆ ಹೇಳು, ಪಾತ್ರೆಗಳ ಜೊತೆ ನೆನೆಹಾಕ್ತಾಳೆ."
ಸೋರೆಕಾಯಿಯ ತಿರುಳು ಬೇರೆ ಮಾಡುತ್ತ
ತಲೆ ಎತ್ತದೆ ಅಂದಳು:
"ಎಣ್ಣೆ ಸಾಲದು ಕಣೋ. ಇನ್ನೊಂದು ಕೈ ಹಚ್ಚು."