ಆರುನೂರು ಗ್ರಾಂ

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಹಾಸಿಗೆ ಅಂಗಡಿಯ ಮಹಡಿ.
ನಬೀಸಾ ಟೀಚರ್ ನನ್ನ ಗೈಡನ್ನು ಅಂಗೈಯಲ್ಲಿ ಎತ್ತಿ ನೋಡಿದರು,
ಮೀನು ಕೊಳ್ಳುವವರ ಹಾಗೆ.
'ಎಲ್ಲಿಂದ ಶುರು ಮಾಡಿದ್ದೀ?'
ಹದಿನಾಲ್ಕನೇ ಪಾಠ, ಅಂದೆ. ಕಾಲ ಮತ್ತು ಕೆಲಸ.
ರಾಮನಿಗೆ ಹತ್ತು ದಿನ, ಭೀಮನಿಗೆ ಹದಿನೈದು ದಿನ,
ಇಬ್ಬರೂ ಸೇರಿ ಗೋಡೆ ಕಟ್ಟಿದರೆ...
ಸಹಕಾರ ಬ್ಯಾಂಕಿನ ಪರೀಕ್ಷೆಗೆ ಅದೇ ಜಾಸ್ತಿ ಬರುತ್ತದಂತೆ.

'ಏಳೆಂಟ್ಲ?'

ಶಾಲಿನ ಮರೆಯಲ್ಲಿ ಬೆರಳು ಮಡಚಿದೆ.
ನೋಡಿದರು. ಏನೂ ಅನ್ನಲಿಲ್ಲ.
ಕೆಳಗೆ ಕೂಗಿ ದಬ್ಬಳ, ದಾರ ತರಿಸಿ
ಆರನೇ ಪಾಠದಿಂದ ಕೊನೆಯ ರಟ್ಟಿನವರೆಗೆ
ಗೈಡಿನ ಬಾಯಿ ಹೊಲಿದುಬಿಟ್ಟರು.
ಏಳು ಹೊಲಿಗೆ.
'ಒಂದೊಂದಾಗಿ ನಾನೇ ಬಿಚ್ಚುತ್ತೇನೆ.
ಅವಸರವಿದ್ದರೆ ಬೇರೆ ಗೈಡು ಕೊಂಡುಕೋ, ಪೊನ್ನವ್ವ.'
ನಾನೂರ ಅರವತ್ತು ರೂಪಾಯಿಯ ಪುಸ್ತಕ. ಕೊಳ್ಳಲಿಲ್ಲ.

ಮೂವತ್ತಮೂರನೇ ವಯಸ್ಸಿಗೆ ಮಗ್ಗಿ!
ತೋಟಕ್ಕೆ ಹೋಗುವ ಜೀಪಿನಲ್ಲಿ ಹದಿಮೂರರದು,
ತಿರುವಿನಲ್ಲಿ ಆನೆ ನಿಂತಿದ್ದರೆ ಹದಿನೇಳರದೂ.
ಹದಿನೇಳೆಂಟ್ಲ ನೂರ ಮೂವತ್ತಾರು ಎನ್ನುವಷ್ಟರಲ್ಲಿ
ಆನೆ ಬಿದಿರಿನೊಳಗೆ ಸರಿದಿರುತ್ತಿತ್ತು.
'ಅದ್ಯಾವ ಮಂತ್ರ ಅಕ್ಕಾ?' ಡ್ರೈವರ್ ರಜಾಕ್‌ಗೆ ನಿಜಕ್ಕೂ ಅನುಮಾನ.

ಆಮೇಲೆ ಕಳೆಯುವ ಲೆಕ್ಕ, ಬಿಂದು ಇಟ್ಟದ್ದು.
'ಎರಡರಲ್ಲಿ ಆರು ಹೋಗದಿದ್ದರೆ ಆಚೆ ಹೋಗಿ ಸಾಲ ಕೇಳು.
ಬಿಂದು ಕಡಂಗವಲ್ಲ, ದಾಟಬಹುದು.
ಕೊಟ್ಟವನ ಮೇಲೆ ಗೀಟು ಎಳೆ, ಒಂದು ಕಡಿಮೆ ಬರೆ.
ಬರೆಯದಿದ್ದರೆ ಅದಕ್ಕೆ ಸಾಲ ಅನ್ನುವುದಿಲ್ಲ.'
ಏನನ್ನುತ್ತಾರೆಂದು ಅವರು ಹೇಳಲಿಲ್ಲ.

ಮೂರನೇ ಹೊಲಿಗೆ ಬಿಚ್ಚಿದ ವಾರ
ಅಭ್ಯಾಸಕ್ಕಿರಲಿ ಎಂದು
ಹೋದ ಸುಗ್ಗಿಯ ತೂಕದ ಪುಸ್ತಕ ತೆರೆದೆ. ನನ್ನದೇ ಅಕ್ಷರ.
ಚೋಮಿ, ಕಾಫಿ ಹಣ್ಣು, ನಲವತ್ತಮೂರು ಬಿಂದು ಎರಡು.
ಗೋಣಿ ಕಳೆದು, ನಲವತ್ತೆರಡು ಬಿಂದು ಎರಡು.
ರೆಹೆನಾ, ಮೂವತ್ತೊಂಬತ್ತು ಬಿಂದು ಒಂದು.
ಗೋಣಿ ಕಳೆದು, ಮೂವತ್ತೆಂಟು ಬಿಂದು ಒಂದು.

ಗೋಣಿಗೆ ಆರುನೂರು ಗ್ರಾಂ.
ತಕ್ಕಡಿಯ ಕಂಬದ ಮೇಲೆ ಸುಣ್ಣದಲ್ಲಿ ಬರೆದಿದೆ.
ನಾನು ಕಳೆದದ್ದು ಒಂದು ಕಿಲೋ.
ಒಂದು ಕಳೆಯುವುದು ಸುಲಭ.
ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ,
ಬೇಡ ಅಂತಲೂ.

ನಾನೂರು ಗ್ರಾಂ, ದಿನಕ್ಕೊಂದು ಮೂಟೆ,
ಇಪ್ಪತ್ತೆರಡು ಜನ, ಅರವತ್ತು ದಿನ.
ಐನೂರ ಇಪ್ಪತ್ತೆಂಟು ಕಿಲೋ.
ಕೊಯ್ಲಿಗೆ ಕಿಲೋಗೆ ಐದು ರೂಪಾಯಿ. ಐದು ಸುಗ್ಗಿ.
ಹದಿಮೂರು ಸಾವಿರದ ಇನ್ನೂರು.
ಬೆರಳು ಮಡಚದೆ ಮಾಡಿದ ನನ್ನ ಮೊದಲ ದೊಡ್ಡ ಲೆಕ್ಕ.
ತಪ್ಪಿರಲಿ ದೇವರೇ ಎಂದು ಮೂರು ಸಲ ಮಾಡಿದೆ,
ಹಿಂದಿನಿಂದ ಭಾಗಿಸಿಯೂ ನೋಡಿದೆ.
ಶೇಷ ಸೊನ್ನೆ.

ಆರನೇ ಸುಗ್ಗಿಯ ಮೊದಲ ತೂಕದ ಸಂಜೆ
ಎಲ್ಲರೂ ಮೂಟೆಗಳ ಮೇಲೆ ಕೂತಿದ್ದಾಗ ಹೇಳಿದೆ.
ಗಂಟಲು ಒಣಗಿತ್ತು. ಜಿಗಣೆಗೆ ಹಚ್ಚಿದ ಸುಣ್ಣ, ಹೊಗೆಸೊಪ್ಪಿನ ವಾಸನೆ.
ಚೋಮಿ ಆ ಸಂಖ್ಯೆಯನ್ನು ನನ್ನ ಬಾಯಿಂದ ಎರಡು ಸಲ ಹೇಳಿಸಿದಳು.
ರೆಹೆನಾ ಮೊಬೈಲಿನಲ್ಲಿ ಒತ್ತಿ ನೋಡಿ
ಪಕ್ಕದವಳಿಗೆ ಅಸ್ಸಾಮಿಯಲ್ಲಿ ಏನೋ ಅಂದಳು.
ಯಾರೂ ಬೈಯಲಿಲ್ಲ. ಬೈದಿದ್ದರೆ ಮನೆಗೆ ಹೋಗಿ ನಿದ್ದೆ ಮಾಡಬಹುದಿತ್ತು.

'ನಾಕ್ನೂರು ಗ್ರಾಮಿಗೆ ಇಷ್ಟೊಂದು ಗಲಾಟೆಯಾ?' ಅಂದರು ರೈಟರ್ ಬೆಳ್ಯಪ್ಪ.
ಎರಡು ದಿನ ಬಿಟ್ಟು, ಧಣಿಗಳನ್ನು ಕೇಳಿ ಬಂದು,
ಹೋದ ಸುಗ್ಗಿಯದ್ದು ಮಾತ್ರ ಕೊಡುತ್ತೇವೆ,
ಎರಡು ಸಾವಿರದ ಆರುನೂರ ನಲವತ್ತು.

ಉಳಿದದ್ದೆಷ್ಟೆಂದು ಅವರ ಎದುರಿಗೇ ಕಳೆದೆ.
ಎರಡು ಕಡೆ ಸಾಲ ತರಬೇಕಾಯಿತು.
ಎರಡೂ ಕಡೆ ಗೀಟು ಎಳೆದೆ.
ಹತ್ತು ಸಾವಿರದ ಐನೂರ ಅರವತ್ತು.
ನನ್ನ ಸಂಬಳ ತಿಂಗಳಿಗೆ ಒಂಬತ್ತು ಸಾವಿರ. ಆ ಭಾಗಾಕಾರ ಇನ್ನೂ ಮಾಡಿಲ್ಲ.

ಪರೀಕ್ಷೆ ಫೆಬ್ರವರಿಯಲ್ಲಿ.
ಗೈಡಿನಲ್ಲಿ ಇನ್ನೂ ನಾಲ್ಕು ಹೊಲಿಗೆ.