ಅಂಚಿನಾಚೆ ಮೂರು ಮಿಲಿಮೀಟರ್

ಸರ್ವೆ ಸೊಣ್ಣಪ್ಪನವರು ಪೆನ್ ಡ್ರೈವನ್ನು
ವಿಭೂತಿಯ ಹಾಗೆ ಕಾಗದದಲ್ಲಿ ಮಡಿಸಿ ತಂದಿದ್ದರು.
ಚಿಂತಾಮಣಿ, ಚೇಳೂರು ರಸ್ತೆ, ಬೆಳಿಗ್ಗೆ ಹತ್ತೂವರೆ,
ಕರೆಂಟು ಬಂದು ನನ್ನ ಯುಪಿಎಸ್ಸು ಆಗಷ್ಟೆ ಕೂಗು ನಿಲ್ಲಿಸಿತ್ತು.
"ಪುಸ್ತಕ ಕಣಮ್ಮ ಫರ್ಹಾನ. ಡೆಮಿ ಸೈಜು, ಅರವತ್ತೊಂದು ಪುಟ.
ಮೊಮ್ಮಗಳು ಟೈಪು ಮಾಡಿದ್ದಾಳೆ. ನೀನು ಬರೀ ಪ್ರಿಂಟಿಗೆ ಕಳಿಸು."

ಬರೀ ಎಂಬ ಮಾತಿಗೆ ಹೆದರುತ್ತ ನನಗೆ ಹದಿನೇಳು ವರ್ಷವಾಯಿತು.

ಫೈಲು ತೆರೆದೆ. ಜೇಬಿನಿಂದ ಸ್ಟೀಲು ಸ್ಕೇಲು ತೆಗೆದು
ಪರದೆಗೇ ಆನಿಸಿ ಅಳೆದರು: "ಆರೂ ಕಾಲು."
ನಾನು ಮೌಸಿನ ಚಕ್ರ ಉರುಳಿಸಿದೆ, ಪುಟ ಉಬ್ಬಿತು, "ಒಂಬತ್ತು!"
ಮತ್ತೆ ಉರುಳಿಸಿದೆ, ಅಂಗೈಯಗಲಕ್ಕೆ ಕುಗ್ಗಿತು.
"ಇದೇನು, ಹೂ ಮಾರುವವಳ ಮೊಳವೇ?"
ಇಲ್ಲಿ ಕಾಣೋದು ಅಳತೆ ಅಲ್ಲ ಸಾರ್.
ಅಳತೆ ಫೈಲಿನ ಹೊಟ್ಟೆಯಲ್ಲಿದೆ:
ಆರುನೂರ ಹನ್ನೆರಡು, ಏಳುನೂರ ತೊಂಬತ್ತೆರಡು ಪಾಯಿಂಟು.
ಇಂಚಿಗೆ ಎಪ್ಪತ್ತೆರಡು.
ಕಣ್ಣು ಮುಚ್ಚಿದರು. ತುಟಿ ಆಡಿತು.
ಸರಪಳಿಯ ಆಣೆ ಎಣಿಸಿ ಎಣಿಸಿ ಸವೆದ ಮನುಷ್ಯ,
ನನ್ನ ಕ್ಯಾಲ್ಕುಲೇಟರಿಗಿಂತ ಮೊದಲೇ
"ಎಂಟೂವರೆ, ಹನ್ನೊಂದು" ಅಂದರು.
ಆಮೇಲೆ, "ಅದು ಎಲ್ಲಿಯ ಕಾಗದ?"

ಯಾವುದೋ ದೇಶದ್ದು. ಬಜಾರಿನ ಯಾವ ಅಂಗಡಿಯಲ್ಲೂ
ಒಂದು ಹಾಳೆ ಸಿಗುವುದಿಲ್ಲ.
ಊರಲ್ಲಿ ಯಾರೂ ಕೊಳ್ಳದ ಕಾಗದದ ಮೇಲೆ
ಹುಡುಗಿ ಪುಸ್ತಕ ಮುಗಿಸಿದ್ದಾಳೆ.
ಕುಗ್ಗಿಸಿದರೆ ಅಕ್ಷರ ಇರುವೆ;
ಅಗಲವನ್ನಷ್ಟೇ ಒತ್ತಿದರೆ
ವಿಸ್ತೀರ್ಣ ಎಂಬ ಪದವೇ ಮೊದಲು ಮುರುಟುತ್ತದೆ.
ಕೆಡವಿ ಕಟ್ಟಬೇಕು.

ಎರಡು ವಾರ. ಏಳು ಫಾರಂ, ನೂರ ಹನ್ನೆರಡು ಪುಟ.
ಐದೂವರೆ, ಎಂಟೂವರೆ. ರಕ್ಷಾಪುಟಕ್ಕೆ
ಸುತ್ತ ಮೂರು ಮಿಲಿಮೀಟರ್ ಬ್ಲೀಡು,
ನಾಲ್ಕು ಮೂಲೆಗೆ ಕೂದಲೆಳೆಯ ಗೆರೆ.
"ಇವು?"
ಕತ್ತರಿ ಗುರುತು ಸಾರ್.
"ಬಾಂದುಕಲ್ಲು ಅನ್ನು."
ಸರಿ, ಬಾಂದುಕಲ್ಲು.
"ಕಲ್ಲಿನಾಚೆಗೂ ಹಸಿರು ಬಳಿದಿದ್ದೀಯಲ್ಲ. ಇದು ಒತ್ತುವರಿ."
ಹೌದು. ಕತ್ತರಿ ಒಂಚೂರು ಜಾರಿದರೂ ಬಿಳಿ ಕಾಣಬಾರದು.
ಹೋಗುತ್ತದೆ ಅಂತ ಗೊತ್ತಿದ್ದೂ ಬಳಿಯುವುದು.
ಮೂವತ್ತೆಂಟು ವರ್ಷ ಪರರ ಬೇಲಿ ಕೀಳಿಸಿದವರು
ಬಹಳ ಹೊತ್ತು ಆ ಹಸಿರನ್ನೇ ನೋಡಿದರು.
"ಬಿಟ್ಟುಕೊಡಲಿಕ್ಕೇ ಒತ್ತುವರಿ.
ಅಂಥದ್ದೊಂದೂ ನನ್ನ ಕೈಗೆ ಬರಲಿಲ್ಲ."

ನಲವತ್ತೆರಡು, ನಲವತ್ತಮೂರು, ಎರಡು ಪುಟಕ್ಕೆ ಅಡ್ಡಲಾಗಿ
ಅವರೇ ಬರೆದ ಕುಂಟೆಯ ನಕ್ಷೆ:
ಏರಿ, ತೂಬು, ಹುಣಸೆಮರ, ಒಂದು ಗೋರಿ.
ನಡುನೀರು ಹೊಲಿಗೆಗೆ ಹೋಗುತ್ತದೆ ಸಾರ್, ಅರ್ಧ ಇಂಚು.
"ಹೋಗಲಿ. ಅಲ್ಲೀಗ ಸೈಟು."
ನಗಲಿಲ್ಲ ಅವರು. ನಾನೂ.

ಕರಡು ಕೈಗಿಟ್ಟ ಸಂಜೆ ಒಂದು ಸಾಲೂ ಓದಲಿಲ್ಲ.
ಅದೇ ಸ್ಕೇಲು, ಏರಿಯ ತುದಿಯಿಂದ ತುದಿಗೆ.
"ನಾಲ್ಕು ಇಂಚಿರಬೇಕು. ಒಂದು ನೂಲು ಕಡಿಮೆ."
ಇರಲಾರದು ಅಂದೆ.
"ಇಂಚಿಗೆ ನಾಲ್ಕು ಸರಪಳಿ. ಎಂಟಾಣೆ ಹೋಯಿತು.
ಹದಿನಾರು ಅಡಿ ಏರಿ ಯಾರು ತಿಂದರಮ್ಮ?
ಇಷ್ಟಕ್ಕೇ ಅಣ್ಣತಮ್ಮಂದಿರು
ಒಬ್ಬರ ಸಾವಿಗೆ ಒಬ್ಬರು ಹೋಗದೆ ಉಳಿದದ್ದು ಕಂಡಿದ್ದೇನೆ."

ತಿರುಗಿ ನೋಡಿದೆ. ಸಣ್ಣ ಹಾಳೆ ಇಟ್ಟಿದ್ದೆ ನಾನು; ಪ್ರಿಂಟರು
"ಹಾಳೆಗೆ ಹೊಂದಿಸು" ಎಂಬ ಚೌಕದಲ್ಲಿ
ತಾನೇ ಟಿಕ್ಕು ಹಾಕಿಕೊಂಡು
ನೂರನ್ನು ತೊಂಬತ್ತೇಳು ಮಾಡಿ
ಏನೂ ಆಗದವರ ಹಾಗೆ ಹಸಿರು ದೀಪ ಉರಿಸುತ್ತಿತ್ತು.
ಎಷ್ಟು ವರ್ಷದಿಂದ, ಯಾರಯಾರ ಜಾತಕ,
ಯಾರ ಮದುವೆ ಕಾರ್ಡು ಹೀಗೆ ಮೂರು ಕಳೆದುಕೊಂಡವೋ.
ಟಿಕ್ಕು ತೆಗೆದೆ. ದೊಡ್ಡ ಹಾಳೆ ಇಟ್ಟೆ.
ನಾಲ್ಕು ಇಂಚು. ಸರಿಯಾಗಿ.

ಹೊರಡುವಾಗ ಕೇಳಿದರು: "ಕತ್ತರಿಸಿದ ಆ ಮೂರು ಮಿಲಿಮೀಟರ್?"
ರದ್ದಿಗೆ ಸಾರ್, ಕೆಜಿ ಲೆಕ್ಕ.
"ಖಾತೆ ಆಗಲಿಲ್ಲ ಅನ್ನು."

ಸ್ಕೇಲು ಮೇಜಿನ ಮೇಲೇ ಮರೆತರು.
ಪುಸ್ತಕ ಬಂತು, ಹಂಚಿಯೂ ಆಯಿತು,
ಅದನ್ನು ಕೇಳಿಕೊಂಡು ಅವರು ಬರಲಿಲ್ಲ, ನಾನು ಕಳಿಸಲೂ ಇಲ್ಲ.
ಗಿರಾಕಿ ಇಲ್ಲದ ಮಧ್ಯಾಹ್ನ ಒಮ್ಮೊಮ್ಮೆ
ಬೇರೆ ಯಾರದೋ ಪುಟಕ್ಕೆ, ಪರದೆಯ ಮೇಲೆ
ಅದನ್ನು ಆನಿಸಿ ನೋಡುತ್ತೇನೆ.
ಗೊತ್ತಿದ್ದೂ.